ಇಪ್ಪತ್ತೇಳನೇ ನಂಬರಿನ ಗಿಡ

ಶುಕ್ರವಾರ ಬಂತೆಂದರೆ ಮೊಹಿದ್ದೀನನಿಗೆ ಹಿಂದಿನ ಸಂಜೆಯಿಂದಲೇ ತಲೆಬಿಸಿ. ರಿಯಾದ್ ನಗರದ ಕೊನೆಯ ಬಡಾವಣೆ ಮುಗಿದ ಕಡೆ ಒಂದು ಒಣ ಕಣಿವೆ ಶುರುವಾಗುತ್ತದೆ. ಎಲ್ಲರೂ ಅದನ್ನು ವಾದಿ ಎನ್ನುತ್ತಾರೆ. ವಾರದ ಉಳಿದ ದಿನ ಅಲ್ಲಿರುವುದು ಗೇಟು ಕಾಯುವ ಮೊಹಿದ್ದೀನ್, ಗಾಳಿ, ಕಲ್ಲುಗಳ ನಡುವೆ ಕುಪ್ಪಳಿಸುವ ಹಕ್ಕಿಗಳು, ಮತ್ತೆ ಆಗಾಗ ಬಂದು ಅಳತೆ ತೆಗೆದುಕೊಂಡು ಹೋಗುವ ಇಂಜಿನಿಯರುಗಳು. ಶುಕ್ರವಾರ ಜುಮಾ ನಮಾಝ್ ಮುಗಿದದ್ದೇ ತಡ, ಇಡೀ ಊರಿಗೆ ಬಯಲಲ್ಲಿ ಕೂತು ಉಣ್ಣುವ ಆಸೆ ಹುಟ್ಟುತ್ತದೆ. ಕಾರುಗಳ ಸಾಲು ಗೇಟಿನಿಂದ ಹೆದ್ದಾರಿಯವರೆಗೆ ಹೋಗುತ್ತದೆ.

ಗೇಟಿನ ಪಕ್ಕ ಆಳೆತ್ತರದ ಬೋರ್ಡು ಇದೆ. ಇದು ಸಂರಕ್ಷಿತ ಜಾಗ, ಬೆಂಕಿ ಹಾಕಬಾರದು, ಗಿಡ ಮುಟ್ಟಬಾರದು, ಗಾಡಿ ದಾರಿ ಬಿಟ್ಟು ಇಳಿಯಬಾರದು ಎಂದು ಅರಬಿ, ಇಂಗ್ಲಿಷ್, ಉರ್ದು ಮೂರರಲ್ಲೂ ಬರೆದಿದೆ. ಓದಲು ಬಾರದವರಿಗೆಂದು ಚಿತ್ರಗಳೂ ಇವೆ. ಜನ ಆ ಬೋರ್ಡಿಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡು, ಡಿಕ್ಕಿಯಿಂದ ಇದ್ದಿಲಿನ ಚೀಲ ಇಳಿಸುತ್ತಾರೆ. ಮಗುವಿನ ತಳ್ಳುಗಾಡಿಯ ಅಡಿಯಲ್ಲಿ ಇದ್ದಿಲು, ಅಜ್ಜಿಯ ಮಡಿಲಿನಲ್ಲಿ ಇದ್ದಿಲು, ಒಮ್ಮೆ ಕುರ್‌ಆನ್ ಇಡುವ ಚೀಲದಂಥ ಹಸಿರು ಚೀಲದಲ್ಲೂ ಇದ್ದಿಲು ಸಿಕ್ಕಿತ್ತು. ಮುಂಗಡ ಬುಕ್ಕಿಂಗ್ ತೋರಿಸಿ ಎಂದರೆ ಹೋದ ತಿಂಗಳು ಯಾರೋ ಮಾಡಿದ ಬುಕ್ಕಿಂಗಿನ ಫೋಟೋ ತೋರಿಸುತ್ತಾರೆ. ಮಲೆಯಾಳಿಗೆ ಮಲೆಯಾಳದಲ್ಲಿ, ಪಾಕಿಸ್ತಾನಿಗೆ ಉರ್ದುವಿನಲ್ಲಿ, ಸೌದಿಗಳಿಗೆ ಅರಬಿಯಲ್ಲಿ, ಊರಿನವರು ಸಿಕ್ಕರೆ ಬ್ಯಾರಿ ಭಾಷೆಯಲ್ಲಿ ಹೇಳಿ ಹೇಳಿ ಮೊಹಿದ್ದೀನನ ಗಂಟಲು ಇಳಿಹೊತ್ತಿನ ಅಸರ್ ನಮಾಝಿನ ಹೊತ್ತಿಗೆ ಒಣಗಿ ಹೋಗುತ್ತದೆ. ಇಷ್ಟು ಭಾಷೆಯಲ್ಲಿ ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಒಮ್ಮೆ ಸರಿ ಅನ್ನುತ್ತಿತ್ತು.

ಅದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದು ಪ್ರಶ್ನೆ. ಇದ್ದಿಲು ಕಿತ್ತಿಟ್ಟುಕೊಂಡ ಮೇಲೆ ಪ್ರತಿಯೊಬ್ಬನೂ ಕಾರಿನ ಗಾಜು ಇಳಿಸಿ, ಕಣಿವೆಯ ಕಡೆ ಕೈ ಬೀಸಿ ಕೇಳುತ್ತಾನೆ: "ಇಲ್ಲಿ ಕಾಯುವಂಥದ್ದು ಏನಿದೆ?"

ಮೊಹಿದ್ದೀನ್ ಫರಂಗಿಪೇಟೆಯವನು. ಇಪ್ಪತ್ನಾಲ್ಕನೇ ವಯಸ್ಸಿಗೆ ಸೌದಿಗೆ ಬಂದವನಿಗೆ ಈಗ ಐವತ್ತೈದು. ಮೊದಲು ಬುರೈದಾದಲ್ಲಿ ಖರ್ಜೂರದ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತ. ಆಮೇಲೆ ರಿಯಾದಿನಲ್ಲಿ ಒಂದು ಅಂಗಡಿ, ಒಂದು ಬೇಕರಿ, ಒಬ್ಬ ಮುದುಕ ಶೇಖನ ಕಾರು. ಒಂಬತ್ತು ವರ್ಷದ ಹಿಂದೆ ಗುತ್ತಿಗೆ ಕಂಪೆನಿಯೊಂದು ಅವನನ್ನು ಈ ಗೇಟಿಗೆ ತಂದು ಹಾಕಿತು. ಮೊದಲ ದಿನ ಅವನೂ ಕಣಿವೆಯನ್ನು ನೋಡಿ ಅದೇ ಪ್ರಶ್ನೆ ಕೇಳಿದ್ದ. ನೇತ್ರಾವತಿ ದಡದಲ್ಲಿ ಹುಟ್ಟಿ ಬೆಳೆದವನಿಗೆ ಕಲ್ಲು, ಮರಳು, ಒಣಗಿದ ನಾಲ್ಕು ಮುಳ್ಳುಮರ ನೋಡಿ ಮತ್ತೇನು ಅನ್ನಿಸಬೇಕು?

ಎರಡನೇ ಚಳಿಗಾಲದಲ್ಲಿ ಒಂದೇ ಒಂದು ದಿನ ಮಳೆ ಬಂತು. ಸತ್ತಿವೆ ಎಂದುಕೊಂಡಿದ್ದ ಮುಳ್ಳುಮರಗಳು ವಾರದಲ್ಲಿ ಚಿಗುರಿದವು. ಮೊಹಿದ್ದೀನ್ ಒಂದೊಂದು ಮರದ ಹತ್ತಿರ ಹೋಗಿ ಮುಟ್ಟಿ ನೋಡಿ ಬಂದ. ಅಂದಿನಿಂದ ಅವನ ಬುದ್ಧಿ ಕೆಟ್ಟಿತು ಎಂದು ಕೋಣೆಯ ಜೊತೆಗಾರರು ಹೇಳುತ್ತಾರೆ.

ಆರು ವರ್ಷದ ಹಿಂದೆ ಇಂಜಿನಿಯರುಗಳು ಕಣಿವೆಯ ತಿರುವಿನಲ್ಲಿ ನಲವತ್ತು ಸಸಿ ನೆಟ್ಟು, ಒಂದೊಂದಕ್ಕೂ ತಗಡಿನ ನಂಬರು ಕಟ್ಟಿ, ಸುತ್ತ ತಂತಿ ಬಲೆ ಹಾಕಿ ಹೋದರು. ನೀರು ಹಾಕುವ ಕೆಲಸ ಮೊಹಿದ್ದೀನನದ್ದು. ಮೊದಲ ಬೇಸಿಗೆಗೆ ಇಪ್ಪತ್ತೆರಡು ಹೋದವು. ಎರಡನೆಯದಕ್ಕೆ ಒಂಬತ್ತು. ಹೀಗೆ ಹೋಗಿ ಹೋಗಿ ಉಳಿದದ್ದು ಒಂದೇ, ಇಪ್ಪತ್ತೇಳನೇ ನಂಬರಿನದ್ದು. ಅದು ಸಿದ್ರ್, ನಮ್ಮ ಕಡೆಯ ಬೋರೆ ಹಣ್ಣಿನ ಜಾತಿಯದ್ದು. ಆರು ವರ್ಷಕ್ಕೆ ಅವನ ಸೊಂಟದ ಮಟ್ಟಕ್ಕೆ ಬಂದಿತ್ತು.

ಇದನ್ನೆಲ್ಲ ಅವನು ಊರಿನಲ್ಲಿದ್ದ ಹೆಂಡತಿ ಝುಬೈದಾಳಿಗೆ ಫೋನಿನಲ್ಲಿ ಹೇಳುತ್ತಿದ್ದ. ಅವಳು ತಾಳ್ಮೆಯಿಂದ ಕೇಳಿ ಕೊನೆಗೆ ಅದನ್ನೇ ಅನ್ನುತ್ತಿದ್ದಳು.

"ಅದೆಲ್ಲ ಸರಿ. ಅಲ್ಲಿ ಕಾಯ್ಲಿಕ್ಕೆ ಎಂತ ಉಂಟು?"

ಮೊಹಿದ್ದೀನನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಊರಿನ ಜನ ಕೇಳಲಿ, ಸೌದಿ ಕೇಳಲಿ, ಕಟ್ಟಿಕೊಂಡವಳೂ ಇದನ್ನೇ ಕೇಳಿದರೆ ಹೇಗೆ? ಅವನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಝುಬೈದಾ ಒಮ್ಮೆ ಬಂದು ಆ ಗಿಡದ ಮುಂದೆ ನಿಂತು, ಹೌದು, ನೀವು ಇಷ್ಟು ವರ್ಷ ಮಾಡಿದ್ದು ಒಂದು ಕೆಲಸವೇ, ಎಂದು ಬಾಯಿಬಿಟ್ಟು ಹೇಳಬೇಕು. ಅಷ್ಟೇ ಅವನ ಆಸೆ. ಮಗಳು ಸಾಲೆಹಾಳ ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಝುಬೈದಾಳನ್ನು ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಹೋದ ವರ್ಷದ ಕೊನೆಗೆ ಅವನು ರಿಯಾದಿನ ಬತ್ಹಾದಲ್ಲಿ ಒಂದು ಕೋಣೆ ಹಿಡಿದು, ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಅವಳನ್ನು ಕರೆಸಿಯೇಬಿಟ್ಟ.

ದಿನವನ್ನೂ ಅವನೇ ಲೆಕ್ಕ ಹಾಕಿ ಗೊತ್ತುಮಾಡಿದ್ದ. ಸಸಿಗಳ ಉಸ್ತುವಾರಿ ನೋಡುವ ಸೌದಿ ಇಂಜಿನಿಯರ್ ಹುಡುಗಿ ಲುಜೈನ್ ಆ ಭಾನುವಾರ ಬರುವವಳಿದ್ದಳು. ಆರು ಬೇಸಿಗೆ ದಾಟಿದ ಸಸಿ ಗಟ್ಟಿಯಾಗಿದ್ದರೆ ತಂತಿ ಬಲೆ ತೆಗೆದು, ಸಸಿಗಳ ಪಟ್ಟಿಯಿಂದ ಮರಗಳ ಪಟ್ಟಿಗೆ ಏರಿಸುತ್ತಾರೆ. ಬಲೆ ತೆಗೆಯುವ ಮೊದಲು, ಅದರ ಹಿಂದಿನ ಶುಕ್ರವಾರ, ಝುಬೈದಾ ಅದನ್ನು ನೋಡಬೇಕು.

ಇಲ್ಲಿ ಅವನು ಒಂದು ತಪ್ಪು ಮಾಡಿದ. ಝುಬೈದಾಳ ತಮ್ಮ ನೌಶಾದನಿಗೂ ಹೇಳಿದ.

ನೌಶಾದನಿಗೆ ರಾಸ್ ಅಲ್ ಖೈರಿನ ಕಾರ್ಖಾನೆಯೊಂದರಲ್ಲಿ ಕೆಲಸ, ಸಂಸಾರ ಸಮುದ್ರ ದಡದ ಜುಬೈಲಿನಲ್ಲಿ. ಅಕ್ಕ ಬಂದಿದ್ದಾಳೆ, ಭಾವನ ವಾದಿಯಲ್ಲಿ ಪಿಕ್‌ನಿಕ್ ಎಂದು ಕೇಳಿದ್ದೇ, ಅವನು ಹೆಂಡತಿ ಹಸೀನಾಳನ್ನು ಕೂರಿಸಿಕೊಂಡು ಬೆಳಿಗ್ಗೆ ಜುಬೈಲಿನ ಮೀನು ಮಾರುಕಟ್ಟೆಗೆ ಹೋಗಿ, ಎರಡು ಡಜನ್ ಬಂಗುಡೆಯನ್ನು ಐಸ್ ಪೆಟ್ಟಿಗೆಗೆ ತುಂಬಿಸಿ, ನೇರ ರಿಯಾದಿಗೆ ಗಾಡಿ ಬಿಟ್ಟ. ಮೀನನ್ನು ಶುಚಿ ಮಾಡಿಸಿರಲಿಲ್ಲ. ಕಣಿವೆ ಎಂದ ಮೇಲೆ ಹೊಳೆ ಇರಲೇಬೇಕು, ಹೊಳೆಯಲ್ಲೇ ತೊಳೆದರಾಯಿತು ಎಂಬುದು ಹಸೀನಾಳ ಯೋಚನೆ. ಸ್ನಾನ ಮಾಡಿ ಮೈ ಒರೆಸಲು ನಾಲ್ಕು ಬೈರಾಸೂ ತಂದಿದ್ದಳು. ಕರಾವಳಿಯ ಮನುಷ್ಯನಿಗೆ ನೀರಿಲ್ಲದ ಕಣಿವೆಯನ್ನು ಊಹಿಸುವುದಕ್ಕೆ ಆಗುವುದೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಅವರ ಕಾರು ಗೇಟಿಗೆ ಬಂದಾಗ ಮೊಹಿದ್ದೀನ್ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನಿಂತಿದ್ದ. ಹಿಂದಿನ ಸೀಟಿನಲ್ಲಿ ಝುಬೈದಾ ಕಿಟಕಿಗೆ ಮುಖವಿಟ್ಟು ಕೂತಿದ್ದಳು.

"ಡಿಕ್ಕಿ ತೆಗಿ," ಎಂದ ನೌಶಾದನಿಗೆ.

"ಎಂತ ಭಾವ, ನಮ್ಮದೂ ನೋಡ್ತೀರಾ?"

"ಬಾದಶಹ ಬಂದ್ರೂ ನೋಡ್ತೇನೆ. ತೆಗಿ."

ಐದು ಕಿಲೋದ ಇದ್ದಿಲಿನ ಚೀಲ ಸಿಕ್ಕಿತು. ಮೊಹಿದ್ದೀನ್ ಅದನ್ನು ಕಿತ್ತಿಟ್ಟು ಪುಸ್ತಕದಲ್ಲಿ ಕಾರಿನ ನಂಬರು ಬರೆದ. ಹೆಂಡತಿಯ ತಮ್ಮ ಎಂದು ಬಿಟ್ಟರೆ ನಾಳೆ ಬೋರ್ಡಿಗೂ ಬೆಲೆಯಿಲ್ಲ, ತನಗೂ ಬೆಲೆಯಿಲ್ಲ. ಚಾಪೆಯ ಸುರುಳಿಯೊಳಗೆ ಗ್ಯಾಸ್ ಒಲೆ ಇದ್ದದ್ದು ಅವನಿಗೆ ಕಾಣಲಿಲ್ಲ. ತಿರುವಿನ ಹತ್ತಿರ ಗುರುತು ಹಾಕಿದ ಜಾಗದಲ್ಲೇ ಕೂರಿ, ನಾನು ಒಂದು ತಾಸಿನಲ್ಲಿ ಬರುತ್ತೇನೆ, ಗಿಡವನ್ನು ನಾನೇ ತೋರಿಸುತ್ತೇನೆ, ನಾನು ಬರುವ ತನಕ ಯಾವುದನ್ನೂ ಮುಟ್ಟಬೇಡಿ ಎಂದು ಮೂರು ಸಲ ಹೇಳಿ ಕಳಿಸಿದ.

ಒಂದು ತಾಸು ಬಿಟ್ಟು ಅವನು ಬೈಕಿನಲ್ಲಿ ಬಂದಾಗ ಕಂಡ ದೃಶ್ಯ ಹೀಗಿತ್ತು. ಕಾರಿನ ನೆರಳಿನಲ್ಲಿ ಝುಬೈದಾ, ಹಸೀನಾ ಇಬ್ಬರೂ ಬಾಟಲಿ ನೀರಿನಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದರು. ಒಂದು ತಟ್ಟೆಯಲ್ಲಿ ಮಸಾಲೆ ಮೆತ್ತಿದ ಮೀನು, ಪಕ್ಕದಲ್ಲಿ ತಲೆ ಮತ್ತು ಕರುಳು ತುಂಬಿದ ಪ್ಲಾಸ್ಟಿಕ್ ತೊಟ್ಟೆ. ಗ್ಯಾಸ್ ಒಲೆ ಗಾಳಿಗೆ ಆರಿ ಆರಿ ಹೋಗುತ್ತಿತ್ತು. ನೌಶಾದ್ ಮುಳ್ಳುಮರವೊಂದರ ಕೊಂಬೆಗೆ ಜೋತುಬಿದ್ದು ಅದನ್ನು ಮುರಿಯಲು ಒದ್ದಾಡುತ್ತಿದ್ದ.

"ಏ! ಬಿಡೋ! ಬಿಡು ಅದನ್ನ!"

"ಒಣಗಿದ ಮರ ಅಲ್ವಾ ಭಾವ? ಒಂದು ಹಿಡಿ ಸೌದೆ ಅಷ್ಟೆ."

"ಒಣಗಿದ್ದು ನಿನ್ನ ತಲೆ! ಅದು ಜೀವ ಇರುವ ಮರ ಮಾರಾಯ! ಎಲೆ ಇಲ್ಲದಿದ್ರೆ ಸತ್ತದ್ದು ಅಂತ ಲೆಕ್ಕವಾ? ನಿನ್ನ ತಲೆಯಲ್ಲಿ ಕೂದಲು ಉಂಟಾ? ನೀನು ಬದುಕಿಲ್ವಾ?"

ನೌಶಾದ್ ಬೋಳುತಲೆ ಸವರಿಕೊಂಡು ಕೊಂಬೆ ಬಿಟ್ಟ. ಮೊಹಿದ್ದೀನ್ ಒಲೆ ಆರಿಸಿ, ಸಿಲಿಂಡರ್ ಕಳಚಿ ಬೈಕಿಗೆ ಕಟ್ಟಿಕೊಂಡ. ಹಸೀನಾ ಮಸಾಲೆ ಮೆತ್ತಿದ ಇಪ್ಪತ್ನಾಲ್ಕು ಬಂಗುಡೆಯನ್ನು ನೋಡುತ್ತ ಅಳುವುದೊಂದು ಬಾಕಿ. ಆರು ತಾಸು ಐಸಿನಲ್ಲಿ ಕಾಪಾಡಿ ತಂದ ಮೀನು, ಇನ್ನು ಬತ್ಹಾ ತಲುಪುವ ಹೊತ್ತಿಗೆ ಏನಾದೀತೋ. ಎಲ್ಲರೂ ಮನೆಯಿಂದ ತಂದ ತಣ್ಣಗಿನ ಪತ್ತಿರಿ ರೊಟ್ಟಿಯನ್ನು ತಣ್ಣಗಿನ ಕೋಳಿ ಗಸಿಯಲ್ಲಿ ಅದ್ದಿ ತಿಂದರು. ಹೊಳೆ ಎಲ್ಲಿ ಎಂದು ಕೇಳುವ ಧೈರ್ಯ ಹಸೀನಾಳಿಗೆ ಕೊನೆಗೂ ಬರಲಿಲ್ಲ.

ಈ ಹೊತ್ತಿನಲ್ಲಿ ಗಿಡ ತೋರಿಸಬಾರದಾಗಿತ್ತು. ಆದರೆ ಒಂಬತ್ತು ವರ್ಷ ಕಾದವನಿಗೆ ಇನ್ನೊಂದು ವಾರ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಊಟವಾದ ಮೇಲೆ ಝುಬೈದಾಳನ್ನು ಒಬ್ಬಳನ್ನೇ ತಿರುವಿನಾಚೆ ಕರೆದುಕೊಂಡು ಹೋಗಿ ತಂತಿ ಬಲೆಯ ಮುಂದೆ ನಿಲ್ಲಿಸಿದ.

ಝುಬೈದಾ ನೋಡಿದಳು. ಬಲೆಯ ಆ ಕಡೆಯಿಂದಲೂ ಬಂದು ನೋಡಿದಳು.

"ಇದಾ?"

"ಹ್ಞಾಂ, ಇದೇ."

"ಇಷ್ಟೇಯಾ? ಆರು ವರ್ಷಕ್ಕೆ? ನಮ್ಮ ಅಂಗಳದ ಬಸಳೆ ಆರು ವಾರಕ್ಕೆ ಇದಕ್ಕಿಂತ ಮೇಲೆ ಹೋಗ್ತದೆ."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕಂಡದ್ದನ್ನು ಹೇಳಿದಳು. ಆದರೆ ಬೆಳಗಿನಿಂದ ಒಳಗೆ ಕುದಿಯುತ್ತಿದ್ದದ್ದು ಅಲ್ಲಿ ಉಕ್ಕಿತು.

"ಬಸಳೆಗೆ ಇದನ್ನು ಹೋಲಿಸ್ತೀಯಾ? ನಿನಗೆ ಎಂತ ಗೊತ್ತುಂಟು? ನಲವತ್ತು ಗಿಡದಲ್ಲಿ ಉಳಿದದ್ದು ಇದು ಒಂದು! ಸಾಲೆಹಾಳ ಮದುವೆಯ ವರ್ಷ ಇಲ್ಲಿ ನೀರಿನ ಟ್ಯಾಂಕರ್ ಕೆಟ್ಟು ನಿಂತಿತ್ತು. ನಾನು ಮದುವೆಯ ಮಾರನೇ ದಿನವೇ ವಿಮಾನ ಹತ್ತಿ ಬಾರದಿದ್ರೆ ಇದೂ ಸಾಯ್ತಿತ್ತು!"

ಹೇಳಿ ಮುಗಿಸುವ ಮೊದಲೇ ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆಯಿತು.

ಝುಬೈದಾ ಅವನ ಮುಖವನ್ನೇ ನೋಡಿದಳು. "ನಿಮ್ಮ ಧಣಿ, ಆ ಕಫೀಲ್, ರಜೆ ಬಿಡಲಿಲ್ಲ ಅಂದಿದ್ರಿ."

ಮೊಹಿದ್ದೀನ್ ಬಲೆಯ ತಂತಿಯನ್ನು ಎಳೆದು ಬಿಗಿ ನೋಡತೊಡಗಿದ.

"ಎರಡು ತಿಂಗಳ ರಜೆ ಅಂತ ಬಂದು ನಾಲ್ಕೇ ದಿನಕ್ಕೆ ಹೋದ್ರಿ. ಮದುಮಗಳನ್ನು ಗಂಡನ ಮನೆಯಿಂದ ತಾಳದ ಶಾಸ್ತ್ರಕ್ಕೆ ತವರಿಗೆ ಕರೆದುಕೊಂಡು ಬರ್ಲಿಕ್ಕೆ ನೀವು ಇರಲಿಲ್ಲ. ಕೇಳಿದವರಿಗೆಲ್ಲ ನಾನು ಕಫೀಲನನ್ನು ಬೈದು ಬೈದು ಹೇಳಿದೆ. ಪಾಪ, ಆ ಮನುಷ್ಯ ಎಂತ ಮಾಡಿದ್ದ?"

ಸರಿಯಾಗಿ ಅದೇ ಹೊತ್ತಿಗೆ ಅವನ ವಾಕಿಟಾಕಿ ಕಿರುಚಿತು. ಕೆಳಗೆ ಯಾರದೋ ಜೀಪು ದಾರಿ ಬಿಟ್ಟು ಮರಳಿನಲ್ಲಿ ಹೂತುಹೋಗಿತ್ತು. ಶುಕ್ರವಾರಕ್ಕೆ ಅದೂ ಒಂದು ಬಾಕಿಯಿತ್ತು. ಅವನು ಬೈಕು ಹತ್ತಿ ಹೋದ. ಮರಳಿ ಬರುವಷ್ಟರಲ್ಲಿ ನೌಶಾದನ ಕಾರು ಹೊರಟುಹೋಗಿತ್ತು.

ಶನಿವಾರ ಅವನಿಗೆ ವಾರದ ರಜೆ. ನೌಶಾದ್, ಹಸೀನಾ ಬೆಳಿಗ್ಗೆಯೇ ಜುಬೈಲಿಗೆ ಹೊರಟರು. ಬತ್ಹಾದ ಆ ಒಂದು ಕೋಣೆಯಲ್ಲಿ ಗಂಡ ಹೆಂಡಿರಿಬ್ಬರೇ ಉಳಿದರು. ಝುಬೈದಾ ಜಗಳ ಮುಂದುವರಿಸುತ್ತಾಳೆ ಎಂದು ಅವನು ಕಾದ. ಅವಳು ಮುಂದುವರಿಸಲಿಲ್ಲ. ಚಾ ಮಾಡಿಕೊಟ್ಟಳು. ಮಧ್ಯಾಹ್ನ, ಗಿಡಕ್ಕೆ ಇವತ್ತು ನೀರು ಹಾಕಲಿಕ್ಕಿಲ್ಲವಾ ಎಂದು ಕೇಳಿದಳು. ಸಂಜೆ, ಅದಕ್ಕೆ ಹಣ್ಣು ಎಷ್ಟು ವರ್ಷಕ್ಕೆ ಬರುತ್ತದೆ ಎಂದು ಕೇಳಿದಳು. ಕೇಳುವಾಗ ತುಟಿಯ ತುದಿಯಲ್ಲಿ ಏನೋ ಬಚ್ಚಿಟ್ಟುಕೊಂಡಂಥ ನಗು. ಮೊಹಿದ್ದೀನನಿಗೆ ಜಗಳಕ್ಕಿಂತ ಈ ನಗುವೇ ಹೆಚ್ಚು ಕಿರಿಕಿರಿಯಾಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅವನು ನೀರಿನ ಕ್ಯಾನು ಹೊತ್ತು ತಿರುವಿಗೆ ಹೋದ. ಹತ್ತು ಗಂಟೆಗೆ ಲುಜೈನ್ ಬರಬೇಕಿತ್ತು.

ತಂತಿ ಬಲೆಯ ಒಂದು ಮೂಲೆ ಎದ್ದಿತ್ತು. ಗಿಡ ಒಂದು ಬದಿಗೆ ವಾಲಿ ಬಿದ್ದಿತ್ತು. ಬುಡದ ಸುತ್ತ ಮೊಣಕಾಲು ಹೂಳುವಷ್ಟು ಗುಂಡಿ, ಬಗೆದು ಹಾಕಿದ ಮರಳು, ಹರಿದ ಸಣ್ಣ ಬೇರುಗಳು. ಮರಳಿನ ತುಂಬ ನರಿಯ ಹೆಜ್ಜೆ. ಮೊಹಿದ್ದೀನ್ ಕ್ಯಾನು ಕೆಳಗಿಟ್ಟು, ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಆರು ವರ್ಷದಲ್ಲಿ ನರಿಗಳು ಒಮ್ಮೆಯೂ ಈ ಬಲೆಯ ತಂಟೆಗೆ ಬಂದದ್ದಿಲ್ಲ. ಅವಕ್ಕೆ ಇಲ್ಲಿ ಏನು ಕೆಲಸ?

ಆಮೇಲೆ ವಾಸನೆ ಬಂತು. ಗುಂಡಿಯ ಅಂಚಿನಲ್ಲಿ ಒಂದು ಬಂಗುಡೆಯ ತಲೆ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಅರಿಶಿನ ಮೆಣಸು ಮೆತ್ತಿದ ಒಂದು ಬಾಲ.

ಅರವತ್ತು ದೇಶದ ಜನ ಇರುವ ಈ ರಿಯಾದಿನಲ್ಲಿ ಗಿಡದ ಬುಡಕ್ಕೆ ಬಂಗುಡೆ ಹೂಳುವವರು ಎಷ್ಟು ಮಂದಿ? ಕರಾವಳಿಯಲ್ಲಿ ಅಡಿಕೆ, ತೆಂಗು, ಮಲ್ಲಿಗೆ, ಕರಿಬೇವು, ಯಾವ ಗಿಡ ಸೊರಗಿದರೂ ಹೆಂಗಸರು ಮೀನಿನ ತಲೆ, ಕರುಳು ತಂದು ಬುಡದಲ್ಲಿ ಹೂಳುತ್ತಾರೆ. ಝುಬೈದಾಳ ಕೈಯಿಂದ ಹಾಗೆ ಎದ್ದು ನಿಂತ ತೆಂಗಿನ ಸಸಿಗಳು ಫರಂಗಿಪೇಟೆಯ ಮನೆಯ ಹಿಂದೆ ಏಳು ಇವೆ. ಆದರೆ ಮೊಹಿದ್ದೀನನಿಗೆ ಆ ಹೊತ್ತಿಗೆ ತೆಂಗು ನೆನಪಾಗಲಿಲ್ಲ. ಶುಕ್ರವಾರದ ಅವಳ ಮುಖ ನೆನಪಾಯಿತು. ಮಗಳ ಮದುವೆಯ ಸೇಡು ತೀರಿಸಿಕೊಂಡಳು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಂತರ ಅವನು ಬಹಳ ದಿನ ನಾಚಿಕೆಪಟ್ಟ.

ಫೋನು ಹಚ್ಚಿದ. "ನೀನು ನನ್ನ ಗಿಡಕ್ಕೆ ಎಂತ ಮಾಡಿದ್ದಿ?"

"ಓ, ಗೊತ್ತಾಯ್ತಾ?" ಅವಳ ಧ್ವನಿ ಅರಳಿತು. "ಇಷ್ಟು ಬೇಗ ಚಿಗುರಿತಾ?"

ಮೊಹಿದ್ದೀನ್ ಫೋನನ್ನು ಕಿವಿಗೆ ಒತ್ತಿಕೊಂಡು ಗುಂಡಿಯ ಕಡೆ ನೋಡಿದ.

"ಮೀನು ಹೇಗೂ ಹಾಳಾಗ್ತಿತ್ತು," ಅವಳು ಹೇಳುತ್ತಲೇ ಇದ್ದಳು. "ನೀವು ಬೈಕು ಹತ್ತಿ ಹೋದದ್ದೇ, ಹಸೀನಾ ಬೇಡ ಬೇಡ ಅಂದ್ರೂ ನಾನು ಆರು ಇಡೀ ಬಂಗುಡೆಯನ್ನೂ ಹಾಕಿದೆ. ಮಗಳ ಮದುವೆ ಬಿಟ್ಟು ಬಂದು ಉಳಿಸಿದ ಗಿಡ ಅಂದ ಮೇಲೆ ಅದು ಚೆನ್ನಾಗಿ ಬೆಳೀಬೇಕಲ್ವಾ? ಬೆಳೆಯದಿದ್ರೆ ನೀವು ಮಾಡಿದ್ದಕ್ಕೆ ಅರ್ಥ ಎಂತ ಉಂಟು?"

"ನರಿ ಬಂದು ಅಗೆದು ಹಾಕಿದೆ ಮಾರಾಯ್ತಿ," ಎಂದ ಅವನು.

"ನಾನು ಬರ್ತೇನೆ," ಎಂದಳು.

ಕೆಳಗಿನ ಅಂಗಡಿಯವನನ್ನು ಕೇಳಿ ಟ್ಯಾಕ್ಸಿ ಮಾಡಿಸಿಕೊಂಡು, ಅರಬಿಯ ಒಂದಕ್ಷರ ಬಾರದವಳು ಒಬ್ಬಳೇ ವಾದಿಯ ಗೇಟಿಗೆ ಬಂದಿಳಿದಳು. ಅವಳು ಬಂದ ಹತ್ತು ನಿಮಿಷಕ್ಕೆ ಲುಜೈನಳ ಜೀಪೂ ಬಂತು.

ಲುಜೈನಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಮೊಹಿದ್ದೀನನನ್ನು ಅವಳು ಅಮ್ಮ್, ಅಂದರೆ ಚಿಕ್ಕಪ್ಪ ಎಂದು ಕರೆಯುತ್ತಾಳೆ. ಗುಂಡಿಯನ್ನು ನೋಡಿ ಅವಳ ಮುಖ ಸಣ್ಣದಾಯಿತು. ಮೊಣಕಾಲೂರಿ ಕೈಯಿಂದ ಮರಳು ಸರಿಸಿದಳು. ಮೊಹಿದ್ದೀನನೂ ಕೂತು ಇನ್ನೊಂದು ಬದಿಯಿಂದ ಸರಿಸಿದ. ಪಕ್ಕದ ಬೇರುಗಳು ಹರಿದಿದ್ದವು. ಆದರೆ ನಡುವಿನ ತಾಯಿಬೇರು ಹೆಬ್ಬೆರಳಿನಷ್ಟು ದಪ್ಪವಾಗಿ ನೇರ ಕೆಳಗೆ ಇಳಿದಿತ್ತು. ಮೊಣಕೈ ತನಕ ಅಗೆದರು, ಬೇರು ಸಣ್ಣದಾಗಲಿಲ್ಲ. ತೋಳು ಪೂರ್ತಿ ಇಳಿಯುವ ತನಕ ಅಗೆದರು, ಆಗಲೂ ಅದು ಅಷ್ಟೇ ದಪ್ಪ.

"ಸಾಕು ಅಮ್ಮ್," ಎಂದಳು ಲುಜೈನ್. "ಇದರ ಕೊನೆ ಸಿಗುವುದಿಲ್ಲ. ನಮ್ಮ ಮೂವರನ್ನು ಒಬ್ಬರ ಮೇಲೊಬ್ಬರು ನಿಲ್ಲಿಸಿದರೂ ಸಿಕ್ಕೀತೋ ಇಲ್ಲವೋ. ಇವು ಮೊದಲು ಕೆಳಗೆ ಹೋಗುತ್ತವೆ. ನೀರು ಸಿಕ್ಕ ಮೇಲೆ ಮೇಲೆ ಬರುತ್ತವೆ."

ಮೊಹಿದ್ದೀನ್ ಅದನ್ನು ಹೆಂಡತಿಗೆ ಹೇಳಿದ. ಝುಬೈದಾ ಬುರ್ಖಾದ ಅಂಚು ಎತ್ತಿಕೊಂಡು ಗುಂಡಿಯ ಪಕ್ಕ ಕೂತಳು. ಬೇರಿನ ಮೇಲೆ ಕೈಯಿಟ್ಟು, ಎಷ್ಟು ಆಳಕ್ಕೆ ಕೈ ಹೋಗುತ್ತದೋ ಅಷ್ಟು ಆಳ ಸವರಿದಳು.

"ಹಾಗಾದ್ರೆ ನಾನು ಮೊನ್ನೆ ನೋಡಿದ್ದು ಬರೀ ತುದಿಯಾ?" ಎಂದಳು.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಮೊಹಿದ್ದೀನನಿಗೆ ಯಾವತ್ತೂ ಗೊತ್ತಾದದ್ದಿಲ್ಲ. ಮರಳು ಮುಚ್ಚು, ಕೂತು ನೋಡುವುದಲ್ಲ, ಎಂದು ಗದರಿದ.

ಮೂವರೂ ಸೇರಿ ಗಿಡವನ್ನು ನೆಟ್ಟಗೆ ನಿಲ್ಲಿಸಿ, ಮರಳು ತುಂಬಿ, ಕ್ಯಾನಿನ ನೀರು ಹಾಕಿದರು. ಉಳಿಯಬಹುದು, ಉಳಿಯದೆಯೂ ಇರಬಹುದು, ಇನ್ನೊಂದು ಬೇಸಿಗೆ ದಾಟುವ ತನಕ ಮರಗಳ ಪಟ್ಟಿಗೆ ಸೇರಿಸುವಂತಿಲ್ಲ ಎಂದಳು ಲುಜೈನ್. ಆಮೇಲೆ ಪುಸ್ತಕ ಬಂತು. ವಾದಿಯಲ್ಲಿ ಯಾರು ಏನು ಹಾಳುಮಾಡಿದರೂ ಅವರ ಹೆಸರು ಆ ಪುಸ್ತಕದಲ್ಲಿ ಬರೆಯಬೇಕು, ಇದು ಮೊಹಿದ್ದೀನನ ಕೆಲಸ. ಒಂಬತ್ತು ವರ್ಷದಲ್ಲಿ ಅವನು ಯಾರ ಹೆಸರನ್ನೂ ಬಿಟ್ಟವನಲ್ಲ. ಒಮ್ಮೆ ಒಬ್ಬ ದೊಡ್ಡ ಅಧಿಕಾರಿಯ ಮಗನ ಹೆಸರನ್ನೂ ಬರೆದು, ಅದಕ್ಕಾಗಿ ಕಂಪೆನಿಯಿಂದ ಉಗಿಸಿಕೊಂಡಿದ್ದ. ಈಗ ಪೆನ್ನು ಹಿಡಿದು ಕೂತ. ನರಿ ಎಂದು ಬರೆದರೆ ಮುಗಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ.

ಝುಬೈದಾಳಿಗೆ ಪುಸ್ತಕದ ವಿಷಯ ಯಾರೂ ವಿವರಿಸಬೇಕಾಗಲಿಲ್ಲ. ಶುಕ್ರವಾರ ತಮ್ಮನ ಕಾರಿನ ನಂಬರು ಬರೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಬರೀರಿ," ಎಂದಳು. "ಇನ್ನು ನಮ್ಮ ನಡುವೆ ಸುಳ್ಳು ಬೇಡ. ಹೆಸರು ಸರಿಯಾಗಿ ಬರೀರಿ."

ಅವನು ಬರೆದ. ಲುಜೈನ್ ಓದಿ, ಈ ಝುಬೈದಾ ಯಾರು ಎಂದು ಕೇಳಿದಳು. ನನ್ನ ಹೆಂಡತಿ, ಎಂದು ಅವನು ತೋರಿಸಿದ. ಲುಜೈನ್ ಹೆಂಗಸನ್ನು ನೋಡಿದಳು, ಪುಸ್ತಕ ನೋಡಿದಳು, ಮೀನು ಯಾಕೆ ಹೂಳಿದರು ಎಂದಳು. ನಮ್ಮ ಊರಿನಲ್ಲಿ ಗಿಡ ಚೆನ್ನಾಗಿ ಬರಲಿ ಎಂದು ಹಾಗೆ ಮಾಡುತ್ತಾರೆ ಎಂದ ಮೊಹಿದ್ದೀನ್.

"ನಿಮ್ಮ ಊರಿನಲ್ಲಿ ನರಿಗಳಿಲ್ಲವೇ?"

"ಉಂಟು, ಬೆಕ್ಕೂ ಉಂಟು," ಎಂದಳು ಝುಬೈದಾ, ಅವನು ಅನುವಾದಿಸಿದ ಮೇಲೆ. "ಅದಕ್ಕೇ ಮೇಲೆ ಒಂದು ಕಲ್ಲು ಇಡ್ತೇವೆ. ಇಲ್ಲಿಯೂ ಇಟ್ಟಿದ್ದೆ. ನಿಮ್ಮ ನರಿಗಳಿಗೆ ಹೆಚ್ಚು ಬುದ್ಧಿ ಅಂತ ಕಾಣ್ತದೆ."

ಲುಜೈನ್ ತಡೆಯಲಾರದೆ ನಕ್ಕಳು. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಶಿಕ್ಷೆಯ ಜಾಗದಲ್ಲಿ ಅವಳೇ ಬರೆದಳು: ಈ ದೇಶದಲ್ಲಿ ಇರುವಷ್ಟು ದಿನ ಎರಡು ದಿನಕ್ಕೊಮ್ಮೆ ಬಂದು ಗಿಡಕ್ಕೆ ನೀರು ಹಾಕತಕ್ಕದ್ದು.

ಝುಬೈದಾ ಹಾಕಿದಳು. ಜಿದ್ದಾದ ಶರಫಿಯಾದಲ್ಲಿ ಮಗಳಿಗೆ ಬಟ್ಟೆ ಕೊಳ್ಳುವ ಕಾರ್ಯಕ್ರಮ ರದ್ದಾಯಿತು, ಜುಬೈಲಿಗೆ ಹೋಗುವುದು ರದ್ದಾಯಿತು. ಎರಡು ದಿನಕ್ಕೊಮ್ಮೆ ಗಂಡನ ಜೊತೆ ಕಂಪೆನಿಯ ಬಸ್ಸಿನಲ್ಲಿ ಬಂದು, ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದಳು. ಒಂದು ಶುಕ್ರವಾರ ಉಡುಪಿ ಕಡೆಯ ಒಬ್ಬ, ಇದ್ದಿಲು ಕಳೆದುಕೊಂಡ ಸಿಟ್ಟಿನಲ್ಲಿ, ಇಲ್ಲಿ ಕಾಯ್ಲಿಕ್ಕೆ ಎಂತ ಉಂಟು ಎಂದು ಕೇಳಿದ. ಮೊಹಿದ್ದೀನ್ ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ಉತ್ತರ ಬಂತು.

"ಉಂಟು. ನಿಮಗೆ ಕಾಣುವುದಿಲ್ಲ. ಮೊದಲು ಆ ಸೀಟಿನಡಿಯ ಇನ್ನೊಂದು ಚೀಲ ತೆಗೆದು ಕೊಡಿ."

ಗಿಡದ ಎಲೆಗಳೆಲ್ಲ ಉದುರಿದವು. ಮೂರು ತಿಂಗಳು ಮುಗಿದು ಅವಳು ವಿಮಾನ ಹತ್ತುವಾಗ ಅದು ಬರೀ ಕಡ್ಡಿಯಾಗಿತ್ತು. ಅಳುತ್ತಲೇ ಹೋದಳು. ಗಂಡನನ್ನು ಬಿಟ್ಟು ಹೋಗುವುದಕ್ಕೆ ಅಳುತ್ತಿದ್ದಾಳೋ ಗಿಡಕ್ಕೆ ಅಳುತ್ತಿದ್ದಾಳೋ ಎಂದು ಕೇಳುವ ಧೈರ್ಯ ಮೊಹಿದ್ದೀನನಿಗೆ ಬರಲಿಲ್ಲ.

ಆಮೇಲೆ ಶುರುವಾಯಿತು ಫೋನಿನ ಕಾಟ. ಮೊದಲು ಅವಳು ಫೋನು ಮಾಡಿದರೆ ಉಂಡ್ರಾ, ಮಂಡಿನೋವು ಹೇಗುಂಟು ಎಂದು ಕೇಳುತ್ತಿದ್ದಳು. ಈಗ ಸಲಾಮು ಮುಗಿಯುವ ಮೊದಲೇ, "ಅದು ಹೇಗುಂಟು?"

"ನಾನು ಹೇಗಿದ್ದೇನೆ ಅಂತ ಒಂದು ದಿನ ಕೇಳು ಮಾರಾಯ್ತಿ!"

"ನಿಮಗೆ ಬಾಯಿ ಉಂಟು, ಹೇಳ್ತೀರಿ. ಅದಕ್ಕೆ ಉಂಟಾ? ಕ್ಯಾಮರಾ ತಿರುಗಿಸಿ."

ಬೇಸಿಗೆಯ ನಲವತ್ತೆಂಟು ಡಿಗ್ರಿ ಬಿಸಿಲಿನಲ್ಲೂ, ಮಂಡಿನೋವಿನ ಕಾಲೆಳೆದುಕೊಂಡು, ಬೈಯುತ್ತ ಬೈಯುತ್ತ ಅವನು ತಿರುವಿನ ತನಕ ಹೋಗಿ ಕ್ಯಾಮರಾ ತಿರುಗಿಸುತ್ತಿದ್ದ. ಮಾರ್ಚ್ ಕೊನೆಗೆ ಕಡ್ಡಿಯಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಜುಲೈ ದಾಟಿತು, ಆಗಸ್ಟ್ ದಾಟಿತು. ಅಕ್ಟೋಬರಿನಲ್ಲಿ ಲುಜೈನ್ ಬಂದು, ತಂತಿ ಬಲೆ ಬಿಚ್ಚಿಸಿ, ತಗಡಿನ ನಂಬರು ಕತ್ತರಿಸಿ ಮೊಹಿದ್ದೀನನ ಕೈಗೆ ಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಸಂಜೆ ಊರಿಗೆ ಫೋನು ಮಾಡಿದ.

"ಈ ಸಲ ರಜೆಗೆ ಪೂರ್ತಿ ಎರಡು ತಿಂಗಳು ಬರ್ತೇನೆ," ಎಂದ.

"ಎರಡು ತಿಂಗಳಾ?" ಅವಳು ಗಾಬರಿಯಾದಳು. "ಮತ್ತೆ ಗಿಡಕ್ಕೆ ನೀರು ಯಾರು ಹಾಕುವುದು?"

ಮೊಹಿದ್ದೀನ್ ಹಣೆ ಚಚ್ಚಿಕೊಂಡ. ಮೂವತ್ತೊಂದು ವರ್ಷ ಯಾವಾಗ ಬರ್ತೀರಿ ಎಂದು ಪ್ರಾಣ ಹಿಂಡಿದವಳು ಇವಳೇ ಹೌದಾ? "ಅದಕ್ಕೆ ಇನ್ನು ನೀರು ಹಾಕ್ಲಿಕ್ಕಿಲ್ಲ. ಬೇರು ನೀರಿಗೆ ಮುಟ್ಟಿದೆ ಅಂತ ಹೇಳಿದ್ರು. ಅದಕ್ಕೆ ಇನ್ನು ನಾನು ಬೇಡ."

ಫೋನಿನಲ್ಲಿ ಅವಳ ಹಿಂದೆ ಎಲ್ಲೋ ಸಾಲೆಹಾಳ ಧ್ವನಿ ಕೇಳಿತು.

"ಹಾಗಾದ್ರೆ ಎರಡೇ ತಿಂಗಳು ಯಾಕೆ?" ಎಂದಳು ಝುಬೈದಾ. "ಮೂರು ತಿಂಗಳು ಬನ್ನಿ."

ಕಂಪೆನಿ ಬಿಡುವುದಿಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ಅದು ನಿಜವೂ ಆಗಿತ್ತು. ಅವನು ಅದನ್ನು ನುಂಗಿಕೊಂಡು, ನಾಳೆಯೇ ಹೋಗಿ ಕೇಳುತ್ತೇನೆ ಎಂದ.